ಬೋಂಡ್ಲಾಕ್ಕೆ ಹೋದೆವು, ಚಿರತೆ ಏಳಲೇ ಇಲ್ಲ!

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೋಂಡ್ಲಾದ್ದೇ. ಊರಿಂದ ನೆಂಟರು ಬಂದರೆ ಬೀಚು ತೋರಿಸಿ, ಮಂಗೇಶಿ ತೋರಿಸಿ, ಆಮೇಲೆ ಎಲ್ಲಿಗೆ ಅನ್ನುವಾಗ ಗೋವಾದ ಕನ್ನಡಿಗರಿಗೆ ಥಟ್ಟನೆ ಹೊಳೆಯೋದು ಈ ಝೂ. ಹಾಗಾಗಿ ಕಾಡು, ಪ್ರಾಣಿ, ಪಂಜರಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಹಾಕಿದ್ದೇನೆ. ಮನೆ ಬಾಡಿಗೆ ಮತ್ತು ರೇಷನ್ ಕಾರ್ಡಿನ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆಗೆ ಕಾಯಬೇಕು, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬೋಂಡ್ಲಾಕ್ಕೆ ಹೋಗಿದ್ದೆವು. ತಲುಪುವಾಗ ಮಧ್ಯಾಹ್ನ ಎರಡು ಗಂಟೆ. ಚಿರತೆ ಮಲಗಿತ್ತು, ಬಾಲ ಬಿಟ್ಟರೆ ಏನೂ ಕಾಣಲಿಲ್ಲ. ಕಾಟಿ (ಕಾಡುಕೋಣ) ಎಲ್ಲೋ ದೂರದಲ್ಲಿ ನೆರಳಲ್ಲಿ ನಿಂತಿತ್ತು. ನಮ್ಮ ಯಜಮಾನರು “ಪೆಟ್ರೋಲ್ ದಂಡ, ಮೈಸೂರಿಗೇ ಹೋಗಬೇಕಿತ್ತು” ಅಂತ ದಾರಿಯುದ್ದಕ್ಕೂ ಗೊಣಗಿದರು. ಇಷ್ಟು ಸಣ್ಣ ಝೂ ಯಾಕಾದರೂ ಇಟ್ಟಿದ್ದಾರೆ? — ಗೃಹಿಣಿ, ವಾಸ್ಕೋ

ಉತ್ತರ: ಅಕ್ಕಾ, ಯಜಮಾನರ ಸಿಟ್ಟು ಅರ್ಥವಾಗುತ್ತದೆ. ಆದರೆ ತಪ್ಪು ಚಿರತೆಯದ್ದಲ್ಲ, ಎರಡು ಗಂಟೆಯದ್ದು.

ಚಿರತೆ ಸಂಜೆಯಿಂದ ಬೆಳಗಿನವರೆಗೆ ಓಡಾಡುವ ಪ್ರಾಣಿ. ಕಾಡಲ್ಲಿದ್ದರೂ ಆ ಹೊತ್ತಿಗೆ ಅದು ಮಲಗೋದೇ. ಊಟ ಮುಗಿಸಿ ಫ್ಯಾನ್ ಹಾಕಿಕೊಂಡು ಅಡ್ಡಾದ ಹೊತ್ತಿಗೆ ಗುರುತಿಲ್ಲದವರು ನೂರು ಜನ ಬಂದು ಕಿಟಕಿ ಬಡಿದು “ಏಯ್ ಏಳೋ” ಅಂದರೆ ನಿಮ್ಮ ಯಜಮಾನರಾದರೂ ಎದ್ದು ಬರುತ್ತಾರಾ? ಹಾಗೇ ಇದೂ.

ಇನ್ನೊಂದು ಮಾತು. ಪ್ರಾಣಿಗೆ ಜನರ ಕಣ್ಣಿಂದ ಮರೆಯಾಗಲು ಜಾಗ ಇರಬೇಕು. ಬಂಡೆ, ಪೊದೆ, ಮರದ ಅಟ್ಟ, ಒಳಗೊಂದು ಕೋಣೆ, ಇಷ್ಟಿದ್ದರೆ ಅದು ಯಾವಾಗ ಬೇಕೋ ಆಗ ಒಳಗೆ ಹೋಗುತ್ತದೆ. ಹಳೇ ಕಾಲದ ಝೂಗಳಲ್ಲಿ ನಾಲ್ಕು ಕಡೆ ಕಂಬಿ, ಕೆಳಗೆ ಸಿಮೆಂಟು, ಅಡಗೋಕೆ ಒಂದು ಮೂಲೆಯೂ ಇಲ್ಲ. ಅಲ್ಲಿ ಚಿರತೆ ಚೆನ್ನಾಗಿ ಕಾಣುತ್ತಿತ್ತು ನಿಜ. ಕಂಬಿಯ ಉದ್ದಕ್ಕೂ ಅದೇ ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ, ದಿನವಿಡೀ ಹಾಗೇ ನಡೆಯುತ್ತಿರುತ್ತಿತ್ತು. ಜನ ಅದನ್ನು ನೋಡಿ ಎಷ್ಟು ಚುರುಕಾಗಿದೆ ಅಂತ ಖುಷಿಪಡುತ್ತಿದ್ದರು. ಅದು ಚುರುಕಲ್ಲ, ಒತ್ತಡಕ್ಕೆ ಹಿಡಿದ ಚಾಳಿ. ನೀವು ನೋಡಿದ ಚಿರತೆ ಬಾಲ ಇಳಿಬಿಟ್ಟು ಗಾಢ ನಿದ್ದೆ ಮಾಡುತ್ತಿದ್ದರೆ ನನಗಂತೂ ಸಮಾಧಾನ. ನಿಮ್ಮ ಟಿಕೆಟ್ ದುಡ್ಡು ಅದರ ಊಟಕ್ಕೆ, ವಸತಿಗೆ. ಆಟ ಆಡಿ ತೋರಿಸು ಅನ್ನೋಕಲ್ಲ.

ಮೈಸೂರಿನ ಜೊತೆ ಹೋಲಿಸಬೇಡಿ. ಅದು 1892ರಿಂದ ನಡೆದು ಬಂದ, ರಾಜರು ಕಟ್ಟಿದ ದೊಡ್ಡ ಸಂಸ್ಥೆ. ಅಲ್ಲಿ ಜಿರಾಫೆಯಿಂದ ಗೊರಿಲ್ಲಾದವರೆಗೆ ಇದೆ. ಬೋಂಡ್ಲಾ ಹಾಗಲ್ಲ. ಅದು ಮೊದಲು ಕಾಡು, ಆಮೇಲೆ ಝೂ. ಅಭಯಾರಣ್ಯ ಅಂತ ಘೋಷಣೆಯಾದದ್ದು 1969ರಲ್ಲಿ. ಒಟ್ಟು ವಿಸ್ತೀರ್ಣ ಸುಮಾರು 8 ಚದರ ಕಿಲೋಮೀಟರ್, ಅಷ್ಟರೊಳಗೆ ಒಂದು ತುಂಡು ಜಾಗದಲ್ಲಿ ಈ ಪುಟ್ಟ ಝೂ, ಒಂದು ಸಸ್ಯೋದ್ಯಾನ, ಮಕ್ಕಳಿಗೆ ಪ್ರಕೃತಿ ಪಾಠ ಹೇಳುವ ಕೇಂದ್ರ. ಇರುವ ಪ್ರಾಣಿಗಳೂ ಹೆಚ್ಚಾಗಿ ಈ ಸಹ್ಯಾದ್ರಿಯವೇ. ಕಾಟಿ, ಕಡವೆ, ಚುಕ್ಕೆ ಜಿಂಕೆ, ಚಿರತೆ, ಮೊಸಳೆ, ಹೆಬ್ಬಾವು. ಜಿರಾಫೆ ಹುಡುಕಿಕೊಂಡು ಹೋದರೆ ನಿರಾಸೆಯೇ.

ಇನ್ನೊಮ್ಮೆ ಹೋಗುವ ಮನಸ್ಸಿದ್ದರೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಒಳಗಿರಿ. ಬೆಳಗಿನ ಹೊತ್ತಲ್ಲಿ ಜಿಂಕೆಗಳು ಸೊಪ್ಪಿನ ಹತ್ತಿರ ಇರುತ್ತವೆ, ಕಾಟಿ ಬೇಲಿಯ ಕಡೆಗೆ ಬರುವ ಸಾಧ್ಯತೆ ಜಾಸ್ತಿ. ಮಕ್ಕಳಿಗೆ ಪಂಜರ ಬಿಟ್ಟು ಮೇಲೆಯೂ ನೋಡೋಕೆ ಹೇಳಿ. ಅಲ್ಲಿನ ಎತ್ತರದ ಮರಗಳಲ್ಲಿ ಕೆಂದಳಿಲು ಓಡಾಡುತ್ತದೆ. ಮರಾಠಿಯವರು ಶೇಕ್ರು ಅಂತಾರಲ್ಲ, ಅದೇ. ಮೈ ಕೆಂಪು-ಕಂದು, ಹೊಟ್ಟೆ ಕೆನೆ ಬಣ್ಣ, ಬಾಲ ಮೈಗಿಂತ ಉದ್ದ. ಹಣ್ಣು ತಿನ್ನುವಾಗ ಹಿಂಗಾಲಲ್ಲಿ ಕೊಂಬೆಯನ್ನು ಅವುಚಿಕೊಂಡು ತಲೆಕೆಳಗಾಗಿ ಜೋತುಬೀಳುತ್ತದೆ, ಮುಂಗಾಲು ಎರಡರಲ್ಲೂ ಹಣ್ಣು ಹಿಡಿದು ತಿರುಗಿಸಿ ತಿರುಗಿಸಿ ಸಿಪ್ಪೆ ಉದುರಿಸುತ್ತದೆ, ಆ ದೊಡ್ಡ ಬಾಲ ಕೊಂಬೆಯ ಇನ್ನೊಂದು ಕಡೆ ತೂಕಕ್ಕೆ ಇಳಿಬಿದ್ದಿರುತ್ತದೆ. ಸಿಪ್ಪೆ ತಲೆ ಮೇಲೆ ಬಿದ್ದಾಗಲೇ ಎಷ್ಟೋ ಜನ ಮೇಲೆ ನೋಡೋದು! ಅತ್ತಿ, ಬಸರಿ ಮರ ಹಣ್ಣಾಗಿದ್ದರೆ ಮಂಗಟ್ಟೆ ಹಕ್ಕಿಯೂ ಬರುತ್ತದೆ. ಇವಕ್ಕೆಲ್ಲ ಪಂಜರ ಇಲ್ಲ.

ಪ್ರಶ್ನೆ: ಅಭಯಾರಣ್ಯ ಅಂದಮೇಲೆ ಪ್ರಾಣಿಗಳು ಸ್ವತಂತ್ರವಾಗಿ ಇರಬೇಕಲ್ವಾ? ಅದರೊಳಗೇ ಪಂಜರ ಇಟ್ಟು ಝೂ ಮಾಡೋದು ಯಾವ ನ್ಯಾಯ? ಝೂ ಅನ್ನೋದನ್ನೇ ಮುಚ್ಚಬಾರದಾ? — ಎಂಜಿನಿಯರಿಂಗ್ ವಿದ್ಯಾರ್ಥಿ, ಫರ್ಮಾಗುಡಿ

ಉತ್ತರ: ತಮ್ಮಾ, ಎರಡು ಪ್ರಶ್ನೆ ಕೇಳಿದ್ದೀಯ. ಮೊದಲು ಕಾನೂನಿನದ್ದು ಮುಗಿಸೋಣ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಲ್ಲಿ, ಅಭಯಾರಣ್ಯದೊಳಗೆ ಹೊಸದಾಗಿ ಝೂ, ಸಫಾರಿ ಪಾರ್ಕ್, ಹೋಟೆಲ್ ಕಟ್ಟಬೇಕಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು ಅಂತ ಬಂತು. ಬೋಂಡ್ಲಾದ ಝೂ ಆ ನಿಯಮಕ್ಕಿಂತ ಹಳೆಯದು. ಹಳೆಯದು ಅಂತ ಸುಮ್ನೆ ಬಿಟ್ಟಿಲ್ಲ. ದೇಶದ ಯಾವ ಝೂ ಆದರೂ, ಎಷ್ಟೇ ಸಣ್ಣದಾದರೂ, 1992ರಲ್ಲಿ ಶುರುವಾದ ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಇಲ್ಲದೆ ನಡೆಯೋ ಹಾಗಿಲ್ಲ. ಪಂಜರದ ಅಳತೆ, ವೈದ್ಯರು, ಊಟ, ಕಸ, ಪ್ರತಿಯೊಂದಕ್ಕೂ ನಿಯಮ ಇದೆ. ಒಂಟಿ ಪ್ರಾಣಿಯನ್ನು ಸರಿಯಾದ ಕಾರಣ ಇಲ್ಲದೆ ಒಂದು ವರ್ಷಕ್ಕಿಂತ ಹೆಚ್ಚು ಜೋಡಿ ಇಲ್ಲದೆ ಇಡಬಾರದು ಅಂತಲೂ ಇದೆ. ಈ ನಿಯಮ ನೋಡಿಕೊಂಡು ಝೂಗೆ ಹೋದರೆ ನೀನೇ ಅಂಕ ಕೊಡಬಹುದು. ನನ್ನ ಕೇಳಿದರೆ ನಮ್ಮ ದೇಶದ ಸಣ್ಣ ಝೂಗಳಲ್ಲಿ ಈ ಒಂಟಿತನದ್ದೇ ದೊಡ್ಡ ಸಮಸ್ಯೆ. ಜೋಡಿ ಸತ್ತಿರುತ್ತದೆ, ಬೇರೆ ಝೂನಿಂದ ತರಿಸಬೇಕು ಅಂದರೆ ಕಾಗದ ಪತ್ರ ಓಡಾಡಿ ಓಡಾಡಿ ತಿಂಗಳುಗಟ್ಟಲೆ ಆಗುತ್ತದೆ, ಅಷ್ಟರಲ್ಲಿ ಇದಕ್ಕೆ ವಯಸ್ಸಾಗಿರುತ್ತದೆ. ದೊಡ್ಡ ಝೂಗಳಿಗೆ ಅದಲು ಬದಲು ಮಾಡೋಕೆ ಪ್ರಾಣಿಗಳಿರುತ್ತವೆ. ಸಣ್ಣವರ ಹತ್ತಿರ ಕೊಡೋಕೆ ಏನಿರುತ್ತದೆ? ಹೆಚ್ಚಾದ ಜಿಂಕೆ. ಅದು ಯಾರಿಗೂ ಬೇಡ, ಎಲ್ಲರ ಹತ್ತಿರವೂ ಹೆಚ್ಚಾಗಿರೋದು ಅದೇ.

ಮುಚ್ಚಬಾರದಾ ಅಂದೆ. ಸರಿ, ಮುಚ್ಚಿದೆವು ಅಂತ ಇಟ್ಕೋ. ಒಳಗಿರುವ ಚಿರತೆಯನ್ನು ಏನು ಮಾಡ್ತೀಯ?

ಝೂಗಳಿಗೆ ಬಂದು ಸೇರುವ ಚಿರತೆಗಳಲ್ಲಿ ಎಷ್ಟೋ ಹಂದಿಗೆ ಅಂತ ತೋಟದ ಬೇಲಿಯಲ್ಲಿ ಕಟ್ಟಿದ ತಂತಿ ಉರುಳಿಗೆ ಬಿದ್ದು ಕಾಲು ಕಳಕೊಂಡವು, ಬಾವಿಗೆ ಬಿದ್ದವು, ಕಬ್ಬಿನ ಗದ್ದೆಯಲ್ಲಿ ಸಿಕ್ಕಿ ಜನರ ಕೈಯಲ್ಲೇ ಬೆಳೆದ ಮರಿಗಳು. ಕೈಯಲ್ಲಿ ಹಾಲು ಕುಡಿದು ಬೆಳೆದ ಮರಿಗೆ ಮನುಷ್ಯನ ಹೆದರಿಕೆ ಇರೋದಿಲ್ಲ. ಅದನ್ನು ಕಾಡಿಗೆ ಬಿಟ್ಟರೆ ಅದು ಹೋಗೋದು ಮನುಷ್ಯರ ವಾಸನೆ ಇರುವ ಕಡೆಗೇ. ಹೋಗಲಿ, ದೊಡ್ಡ ಚಿರತೆಯನ್ನು ಹಿಡಿದು ದೂರದ ಕಾಡಿಗೆ ಬಿಟ್ಟರಾಯ್ತು ಅನ್ನೋರು ಬಹಳ ಜನ. ಪುಣೆ ಜಿಲ್ಲೆಯ ಜುನ್ನರ್ ಕಡೆ ಹಾಗೇ ಮಾಡಿ ನೋಡಿದರು. 2001ರ ನಂತರ ಅಲ್ಲಿ ಹಿಡಿದು ಹಿಡಿದು ಬೇರೆ ಕಡೆ ಬಿಟ್ಟರು. ಆಮೇಲೆ ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಅವರ ಸಂಗಡಿಗರು ಲೆಕ್ಕ ಹಾಕಿ ನೋಡಿದಾಗ, ಬಿಟ್ಟ ಜಾಗದ ಸುತ್ತಮುತ್ತ ಜನರ ಮೇಲಿನ ದಾಳಿ ಹೆಚ್ಚಾಗಿತ್ತು. ಗೊತ್ತಿಲ್ಲದ ಜಾಗ, ಗಾಬರಿಯಾದ ಪ್ರಾಣಿ, ಇನ್ನೇನಾಗುತ್ತದೆ? ಅಲ್ಲೇ ಮಾಣಿಕ್‌ಡೋಹದಲ್ಲಿ ಚಿರತೆಗಳಿಗೆ ಅಂತಲೇ ಒಂದು ರಕ್ಷಣಾ ಕೇಂದ್ರ ಇದೆ. ಮುಂಬೈಯ ಬೋರಿವಲಿ ರಾಷ್ಟ್ರೀಯ ಉದ್ಯಾನದಲ್ಲೂ ಇದೆ. ಕಾಡಿಗೆ ವಾಪಸ್ ಹೋಗಲಾಗದ ಪ್ರಾಣಿಗೆ ಸಾಯುವವರೆಗೆ ಒಂದು ಜಾಗ ಬೇಕೇ ಬೇಕು.

ಹಾಗಂತ ಎಲ್ಲಾ ಝೂಗಳ ಪರ ವಕೀಲಿ ಮಾಡ್ತಿಲ್ಲ. ಸಿಂಹ ಇದ್ದರೆ ಜನ ಬರ್ತಾರೆ ಅಂತ ಈ ಸೆಕೆಗೆ ಎಲ್ಲಿಂದಲೋ ಪ್ರಾಣಿ ತಂದು ತುಂಬುವ ಹುಚ್ಚು ನನಗೆ ಸರಿ ಕಾಣೋದಿಲ್ಲ. ಮುಂಬೈಯ ಭಾಯ್‌ಖಳಾ ಝೂಗೆ 2016ರಲ್ಲಿ ಪೆಂಗ್ವಿನ್ ತಂದಾಗ ಆದ ಗಲಾಟೆ ನೆನಪಿರಬಹುದು. ಬಂದ ಎಂಟರಲ್ಲಿ ಒಂದು ಕೆಲವೇ ತಿಂಗಳಲ್ಲಿ ಸತ್ತಿತು. ಉಳಿದವು ಹೊಂದಿಕೊಂಡವು, ಮರಿಯೂ ಆದವು, ಜನ ಸಾಲುಗಟ್ಟಿ ನೋಡ್ತಾರೆ. ಆದರೂ ಇಪ್ಪತ್ತನಾಲ್ಕು ಗಂಟೆ ಎಸಿ ಹಾಕಿ ಸಾಕುವ ಪ್ರಾಣಿ ಕರಾವಳಿಯ ಊರಿಗೆ ಯಾಕೆ ಅನ್ನೋದು ನನ್ನ ಪ್ರಶ್ನೆ. ಬೋಂಡ್ಲಾದಂಥ ಸಣ್ಣ ಝೂ ಮಾಡಬೇಕಾದ ಕೆಲಸ ಬೇರೆ. ಈ ಕಾಡಲ್ಲಿ ಗಾಯಗೊಂಡ ಪ್ರಾಣಿಗೆ ಚಿಕಿತ್ಸೆ, ಈ ಕಾಡಿನ ಪ್ರಾಣಿಯನ್ನು ಇಲ್ಲಿನ ಮಕ್ಕಳಿಗೆ ತೋರಿಸೋದು. ಅಷ್ಟು ಮಾಡಿದರೆ ಸಾಕು, ಪ್ರಾಣಿಗಳ ಸಂಖ್ಯೆ ಕಡಿಮೆಯಾದರೂ ಪರವಾಗಿಲ್ಲ.

ಪ್ರಶ್ನೆ: ಗುರುವಾರ ಹೋಗಿ ಬಾಗಿಲು ಹಾಕಿದ್ದು ನೋಡಿ ವಾಪಸ್ ಬಂದೆವು. ಸರ್ಕಾರಿ ರಜೆಯೂ ಅಲ್ಲ. ಇದೆಂಥ ಪದ್ಧತಿ? — ಮಾಪುಸಾ

ಉತ್ತರ: ವಾರಕ್ಕೆ ಒಂದು ದಿನ ಜನರಿಗೆ ಬಾಗಿಲು ಹಾಕಲೇಬೇಕು ಅಂತ ಝೂ ನಿಯಮದಲ್ಲೇ ಇದೆ. ಬೋಂಡ್ಲಾಕ್ಕೆ ಗುರುವಾರ, ಪುಣೆಯ ಕಾತ್ರಜ್ ಮತ್ತು ಮುಂಬೈಯ ಭಾಯ್‌ಖಳಾಕ್ಕೆ ಬುಧವಾರ, ಮೈಸೂರಿಗೆ ಮಂಗಳವಾರ. ಆ ದಿನ ಪಂಜರ ತೊಳೆಯೋದು, ರಿಪೇರಿ, ಔಷಧಿ ಎಲ್ಲ ನಡೆಯುತ್ತದೆ. ಎಷ್ಟೋ ಝೂಗಳಲ್ಲಿ ಹುಲಿ, ಚಿರತೆಗಳಿಗೆ ವಾರಕ್ಕೊಂದು ದಿನ ಉಪವಾಸವೂ ಇರುತ್ತದೆ. ಕಾಡಲ್ಲಿ ಅವಕ್ಕೆ ದಿನಾ ಬೇಟೆ ಸಿಗೋದಿಲ್ಲ, ಹೊಟ್ಟೆ ಅದಕ್ಕೇ ಹೊಂದಿಕೊಂಡಿದೆ. ನಮ್ಮ ಏಕಾದಶಿಯಲ್ಲಿ ಇರುವಷ್ಟು ಉಪ್ಪಿಟ್ಟು-ಹಣ್ಣು ಅವಕ್ಕೆ ಇಲ್ಲ ಅಷ್ಟೇ.

ಪ್ರಶ್ನೆ: ನಾನು ಏಳನೇ ಕ್ಲಾಸು. ಕಾಟಿ ಅಂದರೆ ಕಾಡಿನ ಎಮ್ಮೆನಾ? ಬೋಂಡ್ಲಾದಲ್ಲಿ ನೋಡಿದ ಕಾಟಿಗೆ ಬಿಳಿ ಸಾಕ್ಸ್ ಹಾಕಿದ ಹಾಗಿತ್ತು. — ಝುವಾರಿನಗರ

ಉತ್ತರ: ಪುಟ್ಟಾ, ಚೆನ್ನಾಗಿ ನೋಡಿದ್ದೀಯ. ಆ ಬಿಳಿ ಸಾಕ್ಸೇ ಅದರ ಗುರುತು. ಕಾಡೆಮ್ಮೆ, ಕಾಡುಕೋಣ ಅಂತೆಲ್ಲ ಕರೀತಾರೆ. ಆದರೆ ಅದು ಎಮ್ಮೆಗಿಂತ ದನಕ್ಕೆ ಹತ್ತಿರದ ನೆಂಟ. ಈಶಾನ್ಯ ರಾಜ್ಯಗಳಲ್ಲಿ ಸಾಕುವ ಮಿಥುನ್ ಅನ್ನೋ ಪ್ರಾಣಿಯಂತೂ ಇದರದ್ದೇ ಮನೆತನ.

ಇನ್ನೊಮ್ಮೆ ಹೋದಾಗ ಬೇಲಿಯ ಹತ್ತಿರ ಬಂದರೆ ಗಮನಿಸು. ದೊಡ್ಡ ಗಂಡು ಪೂರ್ತಿ ಕಪ್ಪು, ಮೈ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಭುಜದಿಂದ ಬೆನ್ನಿನ ಅರ್ಧದವರೆಗೆ ಒಂದು ದಿಬ್ಬ, ಆಮೇಲೆ ಥಟ್ಟನೆ ಇಳಿಜಾರು. ಹಣೆಯ ಮೇಲೆ ಎರಡು ಕೊಂಬಿನ ಮಧ್ಯೆ ಬೂದು ಬಣ್ಣದ ಉಬ್ಬು. ಕೊಂಬು ಬುಡದಲ್ಲಿ ಹಳದಿ, ತುದಿ ಕಪ್ಪು. ದವಡೆ ಮಾತ್ರ ಅಡ್ಡಡ್ಡ ಆಡುತ್ತಾ ಇರುತ್ತದೆ, ಮೆಲುಕು ಹಾಕೋದು. ದೊಡ್ಡ ಗಂಡಿನ ತೂಕ ಸಾವಿರ ಕಿಲೋ ಹತ್ತಿರ ಹೋಗುತ್ತದೆ, ಭುಜದ ಎತ್ತರ ನಿಮ್ಮ ಅಪ್ಪನಷ್ಟೋ ಅದಕ್ಕಿಂತ ಸ್ವಲ್ಪ ಜಾಸ್ತಿಯೋ ಇರಬಹುದು. ಇಷ್ಟು ದೊಡ್ಡದಾದರೂ ಹುಟ್ಟಿದ ಕರು ತಿಳಿ ಬಂಗಾರದ ಬಣ್ಣ, ಬೆಳೀತಾ ಕಂದಾಗುತ್ತದೆ. ಗೋವಾದ ರಾಜ್ಯ ಪ್ರಾಣಿ ಇದೇ, ಶಾಲೆಯಲ್ಲಿ ಕೇಳಿದರೆ ಹೇಳು.

ಇನ್ನೊಂದು ವಿಷಯ ಮೇಷ್ಟ್ರಿಗೂ ಹೇಳಬಹುದು. 1968ರಲ್ಲಿ ಬಂಡೀಪುರ, ಮುದುಮಲೈ ಕಡೆ ದನಗಳ ದೊಡ್ಡ ರೋಗ (ರಿಂಡರ್‌ಪೆಸ್ಟ್) ಬಂದು ಕಾಟಿಗಳು ಗುಂಪುಗುಂಪಾಗಿ ಸತ್ತವು. ಊರ ದನಗಳಿಗೆ ಬರುವ ರೋಗ ದನದ ನೆಂಟನಾದ ಕಾಟಿಗೂ ತಗಲುತ್ತದೆ. ಆಮೇಲೆ ಲಸಿಕೆ ಹಾಕಿ ಹಾಕಿ, 2011ರಲ್ಲಿ ಆ ರೋಗ ಇಡೀ ಪ್ರಪಂಚದಿಂದಲೇ ಹೋಯ್ತು ಅಂತ ಘೋಷಣೆ ಆಯ್ತು. ಸಿಡುಬಿನ ನಂತರ ಹಾಗೆ ಹೋದದ್ದು ಅದೊಂದೇ.

ಪ್ರಶ್ನೆ: ಮಂಗಗಳಿಗೆ ಶೇಂಗಾ, ಜಿಂಕೆಗೆ ಬಿಸ್ಕತ್ತು ಕೊಟ್ಟರೆ ಅಲ್ಲಿನ ಗಾರ್ಡು ಬೈದರು. ಪುಣ್ಯದ ಕೆಲಸಕ್ಕೂ ಅಡ್ಡಿ ಮಾಡಿದರೆ ಹೇಗೆ? — ಹಿರಿಯ ನಾಗರಿಕರು, ಮಡಗಾಂವ್

ಉತ್ತರ: ಅಜ್ಜಾರೆ, ಗಾರ್ಡು ಬೈದದ್ದು ಸರಿ. ಝೂನಲ್ಲಿ ಪ್ರಾಣಿಗೆ ತಿನ್ನಿಸೋದು, ರೇಗಿಸೋದು, ಕಸ ಎಸೆಯೋದು ಎಲ್ಲ ವನ್ಯಜೀವಿ ಕಾಯ್ದೆಯಲ್ಲೇ ಅಪರಾಧ. ಬಿಸ್ಕತ್ತು ಎಸೆಯುವಾಗ ಕೈ ತಪ್ಪಿ ಪ್ಲಾಸ್ಟಿಕ್ ಕವರೂ ಒಳಗೆ ಬೀಳುತ್ತದೆ. ಉಪ್ಪಿನ ರುಚಿಗೆ ಜಿಂಕೆ ಅದನ್ನೂ ನುಂಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಮುಂದಕ್ಕೂ ಹೋಗೋದಿಲ್ಲ, ಹಿಂದಕ್ಕೂ ಬರೋದಿಲ್ಲ, ಉಂಡೆಯಾಗಿ ಅಲ್ಲೇ ಕೂರುತ್ತದೆ. ಹೊಟ್ಟೆ ತುಂಬಿದ ಹಾಗೆ ಅನ್ನಿಸಿ ಮೇವು ಬಿಡುತ್ತದೆ, ಸೊರಗಿ ಸಾಯುತ್ತದೆ. ಮಂಗಗಳದ್ದು ಇನ್ನೊಂದು ಕಥೆ. ಇವತ್ತು ನೀವು ಶೇಂಗಾ ಕೊಟ್ಟರೆ ನಾಳೆ ಅದೇ ಮಂಗ ಯಾವುದೋ ಮಗುವಿನ ಕೈಯಿಂದ ಪೊಟ್ಟಣ ಕಿತ್ತುಕೊಂಡು ಪರಚುತ್ತದೆ. ಆಗ ಎಲ್ಲರೂ ಸೇರಿ ಮಂಗನ ಕಾಟ ಅಂತ ಅರ್ಜಿ ಬರೀತೀವಿ. ಪುಣ್ಯ ಬೇಕಿದ್ದರೆ ಝೂಗಳಲ್ಲಿ ಪ್ರಾಣಿ ದತ್ತು ಯೋಜನೆ ಇರುತ್ತದೆ. ಮೈಸೂರು, ಬನ್ನೇರುಘಟ್ಟ, ಬೆಳಗಾವಿ ಹತ್ತಿರದ ಭೂತರಾಮನಹಟ್ಟಿ, ಗದಗಿನ ಬಿಂಕದಕಟ್ಟಿ ಇವೆಲ್ಲ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಕೆಳಗೇ ಬರುತ್ತವೆ. ಊರಿನ ಹೆಸರಲ್ಲಿ ಒಂದು ಹಕ್ಕಿಯ ಖರ್ಚು ಕೊಡಿ, ರಸೀದಿಯೂ ಸಿಗುತ್ತದೆ.

ಪ್ರಶ್ನೆ: ನಮ್ಮ ತಂದೆ ಸಂತೆಯಿಂದ ತಂದ ಗಿಳಿ ಮನೆಯಲ್ಲಿದೆ. ಈಗ ಮನೆ ಬದಲಿಸುತ್ತಿದ್ದೇವೆ, ಬೋಂಡ್ಲಾ ಝೂಗೆ ಕೊಡಬಹುದಾ? ಇಲ್ಲಾ ಹಾರಿಬಿಡಲಾ? — ಬೈನಾ

ಉತ್ತರ: ಎರಡೂ ಬೇಡ. ನಮ್ಮ ಹಸಿರು ಗಿಳಿಯನ್ನು ಮನೆಯಲ್ಲಿ ಸಾಕೋದೇ ಕಾನೂನಿಗೆ ವಿರುದ್ಧ. ಬಹಳ ಜನರಿಗೆ ಇದು ಗೊತ್ತಿಲ್ಲ, ಊರಲ್ಲೆಲ್ಲ ಸಂತೆಯಲ್ಲಿ ಮಾರುತ್ತಾರಲ್ಲ ಅಂತಾರೆ. ಅಂಗಡಿಯಲ್ಲಿ ಲವ್ ಬರ್ಡ್ಸ್ ಅಂತ ಮಾರುವ ಆ ಬಣ್ಣಬಣ್ಣದ ಪುಟ್ಟ ಹಕ್ಕಿಗಳು ಆಸ್ಟ್ರೇಲಿಯಾ ಮೂಲದವು, ಅವುಗಳ ಮಾತು ಬೇರೆ. ಝೂನವರು ಗೇಟಿನಲ್ಲಿ ಬಂದ ಪ್ರಾಣಿಯನ್ನು ಸುಮ್ನೆ ಇಟ್ಟುಕೊಳ್ಳುವ ಹಾಗಿಲ್ಲ. ಪ್ರಾಣಿ ಪಡೆಯೋಕೂ ಕೊಡೋಕೂ ಕೇಂದ್ರ ಮೃಗಾಲಯ ಪ್ರಾಧಿಕಾರದ ಅನುಮತಿ ಬೇಕು. ಹಾರಿಬಿಟ್ಟರೆ ಇನ್ನೂ ಕಷ್ಟ. ಪಂಜರದಲ್ಲಿ ಬೆಳೆದ ಗಿಳಿಗೆ ಹಣ್ಣು ಹುಡುಕೋದು ಗೊತ್ತಿಲ್ಲ, ರೆಕ್ಕೆಗೆ ಬಲ ಇಲ್ಲ, ಕಾಗೆ ಮತ್ತು ಬೆಕ್ಕಿನ ಪಾಲಾಗುತ್ತದೆ. ಹತ್ತಿರದ ಅರಣ್ಯ ಇಲಾಖೆಯ ವಲಯ ಕಚೇರಿಗೆ ನೀವಾಗಿಯೇ ತೆಗೆದುಕೊಂಡು ಹೋಗಿ ವಿಷಯ ಹೇಳಿ. ಯಾರೋ ದೂರು ಕೊಟ್ಟು ಅವರೇ ಮನೆಗೆ ಬರುವವರೆಗೆ ಕಾಯಬೇಡಿ.

ಪ್ರಶ್ನೆ: ಉಸಗಾಂವ್ ಕಡೆ ಫ್ಯಾಕ್ಟರಿಯಲ್ಲಿ ಕೆಲಸ. ನಮ್ಮ ಶೆಡ್ ಹಿಂದೆ ಹೆಬ್ಬಾವು ಬಂದಿತ್ತು, ಹುಡುಗರು ಹೊಡೆಯೋಕೆ ಹೋದರು. ಝೂದಿಂದಲೇ ತಪ್ಪಿಸಿಕೊಂಡು ಬಂದಿರಬಹುದಾ?

ಉತ್ತರ: ಇಲ್ಲ ಅಣ್ಣಾ. ನೀವಿರೋದೇ ಕಾಡಿನ ಅಂಚಲ್ಲಿ. ಹೆಬ್ಬಾವು ಇಲಿ, ಹೆಗ್ಗಣ ಹುಡುಕಿಕೊಂಡು ಬರುತ್ತದೆ, ಶೆಡ್ ಹಿಂದೆ ಅನ್ನ ಚೆಲ್ಲಿದರೆ ಇಲಿ, ಇಲಿ ಇದ್ದರೆ ಹಾವು. ಹೊಡೆದರೆ ಕೇಸು ಗಟ್ಟಿ, ಅದು ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರುವ ಪ್ರಾಣಿ, ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ. ದೂರ ನಿಂತು ಎಲ್ಲಿ ಹೋಗುತ್ತದೆ ಅಂತ ಕಣ್ಣಿಟ್ಟಿರಿ, 112ಕ್ಕೆ ಅಥವಾ ಅರಣ್ಯ ಇಲಾಖೆಗೆ ಫೋನ್ ಮಾಡಿ. ಒಂದು ಎಚ್ಚರಿಕೆ ಮಾತ್ರ ಹುಡುಗರಿಗೆ ಹೇಳಿ. ಕೊಳಕುಮಂಡಲದ ಮರಿಯನ್ನು ಹೆಬ್ಬಾವಿನ ಮರಿ ಅಂತ ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡವರಿದ್ದಾರೆ. ಎರಡರ ಮೈಮೇಲೂ ಕಂದು ಮಚ್ಚೆ ಇರೋದ್ರಿಂದ ಈ ಗೊಂದಲ. ಕಚ್ಚಿಸಿಕೊಂಡರೆ ಬಿಗಿಯಾಗಿ ಕಟ್ಟೋದು, ಕೊಯ್ಯೋದು, ನಾಟಿ ಮದ್ದು ಏನೂ ಬೇಡ. 108ಕ್ಕೆ ಫೋನ್ ಮಾಡಿ ನೇರ ದೊಡ್ಡ ಆಸ್ಪತ್ರೆಗೆ.

ಪ್ರಶ್ನೆ: ಗೋವಾದಲ್ಲಿ ನಿಜವಾಗಿ ಹುಲಿ ಇದೆಯಾ? ಇದೆ ಅಂತಾರೆ, ಇಲ್ಲ ಅಂತಾರೆ. — ಪಣಜಿ

ಉತ್ತರ: ಇದೆ. 2020ರ ಜನವರಿಯಲ್ಲಿ ಸತ್ತರಿ ತಾಲೂಕಿನ ಮಹದಾಯಿ ಅಭಯಾರಣ್ಯದಲ್ಲಿ ಒಂದು ತಾಯಿ ಹುಲಿ, ಮೂರು ಮರಿ ವಿಷಪ್ರಾಶನದಿಂದ ಸತ್ತದ್ದು ಎಲ್ಲಾ ಪತ್ರಿಕೆಗಳಲ್ಲಿ ಬಂತು. ಮರಿ ಇದ್ದವು ಅಂದರೆ ಸುಮ್ನೆ ದಾರಿ ತಪ್ಪಿ ಬಂದ ಹುಲಿ ಅಲ್ಲ ಅಂತ ಅಲ್ಲಿಗೇ ಗೊತ್ತಾಗುತ್ತದೆ. ಘಟ್ಟದ ಆ ಕಡೆ ನಮ್ಮ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಈ ಕಡೆ ಮಹದಾಯಿ, ಮೊಲ್ಲೆಮ್, ನೇತ್ರಾವಳಿ, ಕೋಟಿಗಾಂವ್, ಎಲ್ಲಾ ಒಂದಕ್ಕೊಂದು ತಾಗಿಕೊಂಡ ಕಾಡು. 2023ರ ಜುಲೈಯಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಇಲ್ಲಿಯೂ ಹುಲಿ ಸಂರಕ್ಷಿತ ಪ್ರದೇಶ ಮಾಡಿ ಅಂತ ಆದೇಶ ಕೊಟ್ಟಿತು, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಕಾಡಂಚಿನ ಊರಿನವರಿಗೆ ಎಬ್ಬಿಸಿಬಿಡ್ತಾರೆ ಅನ್ನೋ ಭಯ, ಅದನ್ನೂ ತಳ್ಳಿಹಾಕೋಕೆ ಆಗೋದಿಲ್ಲ. ದನ ಸತ್ತಾಗ ಪರಿಹಾರ ಬೇಗ ಕೈಗೆ ಬಂದರೆ ವಿಷ ಹಾಕುವ ಮಟ್ಟಕ್ಕೆ ಯಾರೂ ಹೋಗೋದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ: ಸತ್ತರಿ ಕಡೆ ಗೋಡಂಬಿ ತೋಟದ ಕೆಲಸಕ್ಕೆ ಕರೀತಿದ್ದಾರೆ. ಅಲ್ಲಿ ಮಂಗನ ಕಾಯಿಲೆ ಇದೆ ಅಂತಾರೆ, ನಿಜವಾ? — ಗದಗ ಮೂಲದವರು, ಫೋಂಡಾ

ಉತ್ತರ: 2015ರಿಂದ ಸತ್ತರಿಯಲ್ಲಿ ಕಾಣಿಸಿಕೊಂಡದ್ದು ನಿಜ. ನಮ್ಮ ಸೊರಬ ತಾಲೂಕಿನ ಕ್ಯಾಸನೂರಲ್ಲಿ 1957ರಲ್ಲಿ ಮೊದಲು ಸಿಕ್ಕ ಅದೇ ಕಾಯಿಲೆ. ಅದು ಹೆಚ್ಚಾಗಿ ಉಣ್ಣೆ ಕಚ್ಚೋದ್ರಿಂದ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ಗೋಡಂಬಿ ಕೆಲಸವೂ ಅದೇ ತಿಂಗಳುಗಳಲ್ಲಿ ಬರೋದು, ಅದೇ ತೊಂದರೆ. ಕಾಲು ಮುಚ್ಚುವ ಪ್ಯಾಂಟು, ತುಂಬು ತೋಳಿನ ಅಂಗಿ ಹಾಕಿ. ಮೈಗೆ ಹಚ್ಚುವ ಡೇಪಾ ಎಣ್ಣೆ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದಾ ಕೇಳಿ. ತರಗೆಲೆ ಮೇಲೆ ಕೂರಬೇಡಿ. ಸಂಜೆ ಬಿಸಿನೀರಲ್ಲಿ ಸ್ನಾನ, ಬಟ್ಟೆ ಬೇರೆ ನೆನೆಸೋದು. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ. ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಅದನ್ನು ಹೇಳದೆ ಬರೀ ಜ್ವರದ ಮಾತ್ರೆ ತಗೊಂಡು ಬಂದವರೇ ಕಷ್ಟಕ್ಕೆ ಸಿಕ್ಕಿಕೊಳ್ಳೋದು.

ಪ್ರಶ್ನೆ: ಬೆಳಗಾವಿಯಿಂದ ಅಣ್ಣನ ಕುಟುಂಬ ಕಾರಲ್ಲಿ ಬರ್ತಿದೆ. ಬೋಂಡ್ಲಾ ಜೊತೆಗೆ ಇನ್ನೇನು ನೋಡಬಹುದು? — ಫೋಂಡಾ

ಉತ್ತರ: ಖಾನಾಪುರ, ಲೋಂಡಾ, ಅನಮೋಡ ಘಟ್ಟ ಇಳಿದು ಮೊಲ್ಲೆಮ್, ಅಲ್ಲಿಂದ ಧಾರಬಾಂದೋಡಾ ದಾಟಿ ಉಸಗಾಂವ್ ತಿಸ್ಕ್. ಬೋಂಡ್ಲಾದ ಬೋರ್ಡು ಅಲ್ಲೇ ಸಿಗುತ್ತದೆ, ಒಳಗಿನ ರಸ್ತೆ ಸಣ್ಣದು, ತಿರುವು ಜಾಸ್ತಿ, ಹುಷಾರು. ದಾರಿಯಲ್ಲೇ ಇರೋದ್ರಿಂದ ಮೊದಲು ತಾಂಬಡಿ ಸುರ್ಲಾಕ್ಕೆ ಹೋಗಿ. ಕಾಡಿನ ಮಧ್ಯೆ ಕರಿಕಲ್ಲಿನ ಮಹಾದೇವ ಗುಡಿ, ಕದಂಬರ ಕಾಲದ್ದು. ಹಲಸಿ, ದೇಗಾಂವಿ ಗುಡಿ ನೋಡಿದ ನಿಮ್ಮ ಅಣ್ಣನಿಗೆ ಕಂಬ ನೋಡಿದ ಕೂಡಲೇ ಇದು ನಮ್ಮ ಕಡೆಯ ಕೈ ಅಂತ ಗೊತ್ತಾಗುತ್ತದೆ.

ಅಲ್ಲಿಂದ ಬೋಂಡ್ಲಾಕ್ಕೆ ಬರುವಾಗ ಮಧ್ಯಾಹ್ನ ಆಗಿಬಿಡುತ್ತದೆ ಅಂತ ಅನ್ನಿಸಿದರೆ ಅವತ್ತು ಬಿಟ್ಟು ಮರುದಿನ ಬೆಳಗ್ಗೆ ಇಟ್ಟುಕೊಳ್ಳಿ. ಹಕ್ಕಿ ಇಷ್ಟ ಇದ್ದರೆ ಪಣಜಿ ಹತ್ತಿರ ರಿಬಂದರಿನಿಂದ ಫೆರ್ರಿ ಹತ್ತಿ ಚೋಡಣ ದ್ವೀಪಕ್ಕೆ ಹೋಗಿ. ಅಲ್ಲಿ ಕಾಂಡ್ಲಾ ಮರಗಳ ನಡುವೆ ಸಲೀಂ ಅಲಿ ಪಕ್ಷಿಧಾಮ, ಎರಡು ಚದರ ಕಿಲೋಮೀಟರ್ ಕೂಡ ಇಲ್ಲ. ಗೋವಾದಲ್ಲಿ ಬೋಂಡ್ಲಾಕ್ಕಿಂತ ಸಣ್ಣದು ಅಂದರೆ ಅದೊಂದೇ. ದೂಧಸಾಗರ ಬೇಕೇ ಬೇಕು ಅಂದರೆ ಕುಳೆಯಿಂದ ಜೀಪು ಹೋಗುತ್ತದೆ, ಮಳೆಗಾಲದಲ್ಲಿ ಬಂದ್. ಆಗ ಬರುವುದಾದರೆ ಕಾರು ಬೆಳಗಾವಿಯಲ್ಲೇ ಬಿಟ್ಟು ಲೋಂಡಾ ಮೇಲಿಂದ ರೈಲಲ್ಲಿ ಬರಲಿ, ಜಲಪಾತದ ಮುಂದೆಯೇ ರೈಲು ಹಾದುಹೋಗುತ್ತದೆ.